ಬೆಂಗ್ರೆಯಿಂದ ಅಕ್ಕ ಒಬ್ಬರೇ ಬಂದರು

ಬೆಂಗಳೂರಿನ ಅಂಚಿನ ಅಟ್ಟೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿಯನ್ನು ಮೊದಲ ದಿನದಿಂದಲೂ ಅಕ್ಕ ಎಂದೇ ಕರೆಯುತ್ತೇನೆ. ಅವರು ಕೆಳಗಿನ ಮನೆಯಲ್ಲಿ, ನಾನು ಮೇಲಿನ ಮನೆಯಲ್ಲಿ. ನನ್ನೂರು ಗದಗಿನ ಕಡೆ. ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಮದುವೆಯಾಗಿಲ್ಲ. ಅಕ್ಕ ಹತ್ತಿರದ ಕೋಗಿಲು ಊರಿನ ಮಗಳು, ಅಟ್ಟೂರಿನ ಸೊಸೆ. ನಮ್ಮ ಬೀದಿ ಇರುವ ಜಾಗದಲ್ಲಿ ಮೊದಲು ಅವರ ರಾಗಿ ಹೊಲವಿತ್ತಂತೆ. ಈಗ ಅವರ ಯಜಮಾನರು ಮನೆ ಕಟ್ಟಿಸಿ ಮಾರುತ್ತಾರೆ. ಅಂಗಳದಲ್ಲಿ ಎರಡು ಕಾರು ನಿಂತಿರುತ್ತವೆ. ಅಕ್ಕ ಎಲ್ಲಿಗೆ ಹೋದರೂ ಅವುಗಳಲ್ಲೊಂದರ ಹಿಂದಿನ ಸೀಟಿನಲ್ಲಿ ಕೂತು ಹೋಗುವುದನ್ನೇ ನಾನು ಬಹಳ ದಿನ ನೋಡಿದ್ದೆ.

ನಾನು ಪ್ರತಿದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಪುಟ್ಟೇನಹಳ್ಳಿ ಕೆರೆಯವರೆಗೆ ಹೋಗಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಸೈಕಲ್ ಇಳಿಸುತ್ತಿರುವಾಗ, ರಂಗೋಲಿ ಹಾಕುತ್ತಿದ್ದ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು.

"ಮೇಡಮ್ಮಾ, ಈ ವಯಸ್ಸಲ್ಲಿ ಇದನ್ನ ಕಲಿಯಕ್ಕಾಯ್ತದಾ?"

"ಯಾರು ಕಲಿಯೋದ್ರಿ?"

"ನಾನೇ ಕಣಮ್ಮ. ಇನ್ಯಾರು?"

ಅಕ್ಕನಿಗೆ ಮೊಮ್ಮಗಳಿದ್ದಾಳೆ. ನಾನು ಅವರ ಮುಖ ನೋಡಿದೆ. ತಮಾಷೆಯ ಸುಳಿವೇ ಇರಲಿಲ್ಲ. ಕೋಗಿಲಿನಲ್ಲಿ ಅಣ್ಣಂದಿರಿಗೆಲ್ಲ ಸೈಕಲ್ ಇತ್ತು, ಅವರು ಶಾಲೆಗೆ ಹೋಗುವಾಗ ತಾವು ಹಿಂದೆ ಕ್ಯಾರಿಯರ್ ಮೇಲೆ ಕೂತು ಹೋಗುತ್ತಿದ್ದರು, ತುಳಿಯಲು ಮಾತ್ರ ಯಾರೂ ಕೊಡಲಿಲ್ಲ ಎಂದು ಆಮೇಲೆ ಹೇಳಿದರು. ಅದರಲ್ಲಿ ದೂರಿನ ದನಿಯೂ ಇರಲಿಲ್ಲ. ಇದೊಂದು ಬಾಕಿ ಉಳಿದುಬಿಟ್ಟಿದೆ, ಮುಗಿಸೋಣ ಎನ್ನುವ ಹಾಗಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಟಾರು ಹಾಕಿ ಬಿಟ್ಟ, ಇನ್ನೂ ಮನೆಗಳು ಏಳದ ಒಂದು ಲೇಔಟ್ ಇದೆ. ಅಲ್ಲಿ ಕಲಿಕೆ ಶುರುವಾಯಿತು. ನಾನು ಸೀಟು ಹಿಡಿದು ಓಡುವುದು, ಅಕ್ಕ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತುಳಿಯುವುದು. ಬಿದ್ದರು. ಮೊಣಕೈ ತರಚಿತು. ಮಾರನೆಯ ದಿನ ಮತ್ತೆ ಬಂದರು. ಒಮ್ಮೆ ಸೀರೆ ಚೈನಿಗೆ ಸಿಕ್ಕಿ ಹರಿಯಿತು. ಅದಾದ ಮೇಲೆ ಒಂದು ದಿನ ಚೂಡಿದಾರ ಹಾಕಿಕೊಂಡು ಬಾಗಿಲಿನಿಂದ ಹೊರಗೆ ಬಂದರು. ಜೀವನದಲ್ಲಿ ಮೊದಲ ಸಲ. ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದ ಯಜಮಾನರು ಲೋಟ ಕೆಳಗಿಟ್ಟರು.

"ಕಾರೈತಲ್ಲೇ, ಎಲ್ಲಿಗೋಗ್ಬೇಕೋ ಏಳು, ಬುಡ್ತೀನಿ."

"ಎಲ್ಲಿಗೂ ಓಗ್ಬೇಕಾಗಿಲ್ಲ. ಸೈಕಲ್ ಒಡೀಬೇಕು ಅಷ್ಟೇಯ."

ಯಜಮಾನರು ಲೋಟ ಕೈಗೆತ್ತಿಕೊಂಡು ಒಳಗೆ ಹೋದರು.

ಮಳೆಗಾಲ ಕಳೆಯುವ ಹೊತ್ತಿಗೆ ಅಕ್ಕ ನನ್ನ ಹಿಂದೆ ಹಿಂದೆ ಕೆರೆಯವರೆಗೆ ಬರುವಷ್ಟು ಕಲಿತಿದ್ದರು. ಆದರೆ ಯಾವಾಗಲೂ ನನ್ನ ಹಿಂದೆಯೇ. ನಾನು ನಿಂತರೆ ನಿಲ್ಲುವರು, ನಾನು ತಿರುಗಿದರೆ ತಿರುಗುವರು. "ನೀನು ಮುಂದೆ ಇದ್ರೆ ಧೈರ್ಯ ಕಣಮ್ಮ" ಎನ್ನುವರು. ಕಾಲೇಜಿಗೆ ರಜೆ ಬಂದಾಗ ಮಂಗಳೂರಿಗೆ ಹೋಗಿ ಕಡಲ ದಂಡೆಯಲ್ಲಿ ನಡೆದು, ಸೈಕಲ್ ಹೊಡೆದು ಬರುವ ನನ್ನ ಯೋಚನೆಯನ್ನು ಮಾತಿಗೆ ಹೇಳಿದೆ. ಅಕ್ಕ ಅವತ್ತೇ ಸಂಜೆ ಬ್ಯಾಗು ತುಂಬಿದರು.

ಯಶವಂತಪುರದಿಂದ ಬೆಳಗಿನ ರೈಲು ಹತ್ತಿದೆವು. ಅಕ್ಕ ಚಕ್ಕುಲಿಯ ಡಬ್ಬ, ಪುಳಿಯೋಗರೆ, ಹೊಸ ಶೂ ಎಲ್ಲವನ್ನೂ ತಂದಿದ್ದರು. ಶೂ ಕಾಲಿಗಿರಲಿಲ್ಲ, ಪೆಟ್ಟಿಗೆಯ ಸಮೇತ ಚೀಲದಲ್ಲಿತ್ತು. ಘಟ್ಟದ ಸುರಂಗಗಳಲ್ಲಿ ರೈಲು ನುಗ್ಗುವಾಗ ಕಿಟಕಿಯ ಸರಳು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು.

ಮಂಗಳೂರಿನಲ್ಲಿ ನಮ್ಮ ಲಾಡ್ಜು ಲೈಟ್‌ಹೌಸ್ ಗುಡ್ಡದ ಇಳಿಜಾರಿನಲ್ಲಿತ್ತು. ಆ ಊರಿನ ರಸ್ತೆಗಳಲ್ಲಿ ಸಮತಟ್ಟಾದ ಜಾಗವೇ ಇಲ್ಲವೇನೋ ಅನ್ನಿಸಿತು. ಒಂದೋ ಏರು, ಇಲ್ಲವೋ ಇಳಿತ. ಮೊದಲ ದಿನ ಸೈಕಲ್ ಬೇಡ, ನಡೆದೇ ಊರು ನೋಡೋಣವೆಂದು ಹೊರಟೆವು. ಡಿಸೆಂಬರಿನಲ್ಲೂ ಬೆವರು ಧಾರಾಕಾರ. ಕದ್ರಿ ಗುಡ್ಡದ ಮೆಟ್ಟಿಲು ಹತ್ತುವಾಗ ನಾನು ಏದುಸಿರು ಬಿಡುತ್ತಾ ನಡುವೆಯೇ ಕೂತುಬಿಟ್ಟೆ. ದಿನಾ ಸೈಕಲ್ ಹೊಡೆಯುವವಳು ನಾನು! ಅಕ್ಕ ಮೇಲಿನ ಮೆಟ್ಟಿಲಿನಲ್ಲಿ ನಿಂತು, ಉಸಿರೂ ಏರದೆ, ನನ್ನ ಕಡೆ ನೋಡಿ ನಗುತ್ತಿದ್ದರು.

"ನಾನು ತಲೆ ಮೇಲೆ ಹುಲ್ಲಿನ ಹೊರೆ ಒತ್ಕಂಡು ಕೆರೆ ಏರಿ ಅತ್ತಿದ್ದೋಳು ಕಣಮ್ಮ. ಬರೀ ಕೈಲಿ ಅತ್ತೋದು ಏನ್ ಮಹಾ?"

ನನಗೆ ಸ್ವಲ್ಪ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಎರಡನೆಯ ದಿನ ಬಾಡಿಗೆ ಸೈಕಲ್ ತೆಗೆದುಕೊಂಡೆವು. ಗೇರ್ ಇರುವ ಸೈಕಲ್. ಅಟ್ಟೂರಿನಲ್ಲಿ ಅಕ್ಕ ಕಲಿತದ್ದು ಗೇರಿಲ್ಲದ್ದರಲ್ಲಿ. ಅಂಗಡಿಯಾತ ಗೇರಿನ ವಿಚಾರ ವಿವರಿಸಲು ಹೊರಟಾಗ ನಾನೇ ತಡೆದೆ. "ಅದನ್ನ ಮುಟ್ಟಬ್ಯಾಡ್ರಿ ಅಕ್ಕಾ, ಇದ್ದಂಗ ಇರ್ಲಿ" ಎಂದೆ. ಅಕ್ಕ ತಲೆಯಾಡಿಸಿದರು.

ನಮ್ಮ ಲೆಕ್ಕ ಹೀಗಿತ್ತು: ಊರಿನಿಂದ ಸುಲ್ತಾನ್ ಬತ್ತೇರಿಗೆ ಇಳಿದು, ಅಲ್ಲಿ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ. ಅದು ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಸಮುದ್ರ ಇರುವ ಉದ್ದನೆಯ ಮರಳಿನ ನಾಲಿಗೆ. ಅದರ ಮೇಲಿನ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ತುದಿಯಲ್ಲಿ ಬೆಂಗ್ರೆ. ಬೆಂಗ್ರೆಯಿಂದ ಮತ್ತೆ ದೋಣಿ ಹತ್ತಿದರೆ ಊರಿನ ಹಳೆಯ ಬಂದರು. ಅಲ್ಲಿಂದ ಏರು ಹತ್ತಿ ಲಾಡ್ಜು.

ಬತ್ತೇರಿಯ ಇಳಿಜಾರಿನಲ್ಲಿ ಅಕ್ಕ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ನಡೆದರು. ಹಿಂದೆ ಬಂದ ಬೈಕಿನವರು ತಿರುಗಿ ನೋಡಿದರೂ ಅವರಿಗೆ ಲಕ್ಷ್ಯವಿಲ್ಲ. ದೋಣಿಯಾತ ಎರಡೂ ಸೈಕಲ್ಲುಗಳನ್ನು ಎತ್ತಿ ಒಳಗಿಟ್ಟ.

"ಗಟ್ಟಿ ಹಿಡ್ಕೊಳ್ಳಿ ಅಮ್ಮ, ಸ್ವಲ್ಪ ಅಲ್ಲಾಡ್ತದೆ."

ದೋಣಿಯಲ್ಲಿ ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬರಿದ್ದರು. ಅಕ್ಕನನ್ನು, ಸೈಕಲ್ಲನ್ನು, ಮತ್ತೆ ಅಕ್ಕನನ್ನು ನೋಡಿದರು.

"ಎಲ್ಲಿಂದ ಬಂದದ್ದು ನೀವು?"

"ಬೆಂಗ್ಳೂರಿಂದ."

"ಸೈಕಲ್ಲಲ್ಲೇ ಬಂದದ್ದಾ?"

"ಇಲ್ಲ ತಾಯಿ, ರೈಲಲ್ಲಿ ಬಂದ್ವಿ. ಇದು ಇಲ್ಲೀದು, ಬಾಡ್ಗೇದು."

ದೋಣಿಯಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕರು.

ತಣ್ಣೀರುಬಾವಿಯ ಆ ರಸ್ತೆಯನ್ನು ನಾನು ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಸಿಕ್ಕಿಹಾಕಿಕೊಂಡಾಗಲೆಲ್ಲ ನೆನೆಯುತ್ತೇನೆ. ಎರಡೂ ಬದಿ ಗಾಳಿಮರ, ಸಮತಟ್ಟು, ಮರಗಳ ಸಂದಿನಿಂದ ನೀರು. ಅಕ್ಕ ಹಿಂದಿನಿಂದ ಬೆಲ್ಲು ಹೊಡೆಯುತ್ತಲೇ ಬಂದರು. ಒಂದು ಕಡೆ ಸೈಕಲ್ ನಿಲ್ಲಿಸಿ ಚಪ್ಪಲಿ ಬಿಟ್ಟು ಕಡಲಿಗಿಳಿದೆವು. ಆಮೇಲೆ ಬೆಂಗ್ರೆಯ ಕಡೆ ಹೊರಟೆವು.

ಬೆಂಗ್ರೆ ಇನ್ನೂ ಸ್ವಲ್ಪ ದೂರವಿರುವಾಗ ನಾನು ಬಿದ್ದೆ. ಗಾಳಿಗೆ ರಸ್ತೆಯ ಮೇಲೆ ಮರಳು ಹಾಸಿಕೊಂಡಿತ್ತು. ಮುಂದಿನ ಚಕ್ರ ಜಾರಿತು, ಸೈಕಲ್ ನನ್ನ ಕಾಲಿನ ಮೇಲೆಯೇ ಬಿತ್ತು. ಪಾದ ಊರಲು ಹೋದರೆ ಪ್ರಾಣ ಹೋಗುವಷ್ಟು ನೋವು. ನೋಡನೋಡುತ್ತಿದ್ದಂತೆ ಪಾದದ ಕೀಲು ಊದಿಕೊಂಡಿತು. ಹತ್ತಿರದ ಮನೆಯ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸರು ಓಡಿ ಬಂದು ನನ್ನನ್ನು ನೆರಳಿಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು. ಅವರ ಗಂಡಸರೆಲ್ಲ ಸಮುದ್ರಕ್ಕೆ ಹೋಗಿದ್ದರು. ಗಾಡಿ ಬೇಕಾದರೆ ದೋಣಿ ನಿಲ್ಲುವ ಕಡೆ ಸಿಗುತ್ತದೆ, ಆಟೋಗಳು ಅಲ್ಲಿ ನಿಂತಿರುತ್ತವೆ ಎಂದರು.

ಅಕ್ಕ ನನ್ನ ಕಾಲನ್ನು ಮುಟ್ಟಿ ನೋಡಿದರು. ಆಮೇಲೆ ಎದ್ದು ರಸ್ತೆಯ ಕಡೆ ನೋಡಿದರು. ಮುಂದೆ ಹೋಗಲು ನಾನಿರಲಿಲ್ಲ.

"ನೀನು ಇಲ್ಲೇ ಕೂತಿರು. ಈಗ್ ಬತ್ತೀನಿ."

"ಅಕ್ಕಾ, ಒಬ್ರೇ ಹೆಂಗ ಹೋಗ್ತೀರಿ? ರಸ್ತಾ ತುಂಬ ಉಸುಕು ಐತಿ."

"ಮರಳು ಕಂಡ್ರೆ ಇಳಿದು ನಡೀತೀನಿ. ಇಲ್ದಿದ್ರೆ ಅತ್ತೀನಿ. ನಂಗೇನು ಬುದ್ಧಿ ಇಲ್ವಾ?"

ಹೊರಟುಬಿಟ್ಟರು. ಬೆನ್ನು ನೆಟ್ಟಗೆ, ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ಎರಡೂ ಕೈ ಬ್ರೇಕಿನ ಮೇಲೆ. ಕಲಿಸಿದ ದಿನಗಳನ್ನು ಬಿಟ್ಟರೆ ಅವರನ್ನು ಹಿಂದಿನಿಂದ ನೋಡಿದ್ದು ನಾನು ಅದೇ ಮೊದಲು. ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ.

ಬಹಳ ಹೊತ್ತಾಯಿತು ಅನ್ನಿಸಿತು. ಕೊನೆಗೆ ಒಂದು ವಿಚಿತ್ರ ಮೆರವಣಿಗೆ ಕಾಣಿಸಿತು. ಮುಂದೆ ಅಕ್ಕ ಸೈಕಲ್ ತುಳಿಯುತ್ತಾ, ಅವರ ಹಿಂದೆ ಆಮೆಯ ವೇಗದಲ್ಲಿ ಮೀನು ಸಾಗಿಸುವ ಒಂದು ಗೂಡ್ಸ್ ಆಟೋ. ಡ್ರೈವರ್ ಇಳಿದವನೇ ನನ್ನ ಹತ್ತಿರ ದೂರು ಹೇಳಿದ.

"ದಾರಿ ನಾನು ತೋರಿಸ್ತೇನೆ ಅಂತ ಮುಂದೆಯೇ ಹೋದ್ರು ಮಾರಾಯ್ರೆ. ನನ್ನ ಊರಿನ ದಾರಿ ನನಗೆ ಗೊತ್ತಿಲ್ವಾ?"

ಆಟೋದಲ್ಲಿ ಐಸಿನ ಪೆಟ್ಟಿಗೆಗಳು ತುಂಬಿದ್ದವು. ನನ್ನನ್ನು ಡ್ರೈವರ್ ಪಕ್ಕದಲ್ಲಿ ಕೂರಿಸಿದರು. ಹಿಂದೆ ನನ್ನ ಸೈಕಲ್ ಮಾತ್ರ ಹಿಡಿಯಿತು. ಆಟೋ ಕೂಳೂರು ಸೇತುವೆ ಸುತ್ತಿ ಊರು ಸೇರಬೇಕು. ಅಕ್ಕನನ್ನೂ ಅವರ ಸೈಕಲ್ಲನ್ನೂ ಏನು ಮಾಡುವುದೆಂದು ನಾನು ಯೋಚಿಸುವಷ್ಟರಲ್ಲಿ ಅವರೇ ತೀರ್ಮಾನ ಮಾಡಿಯಾಗಿತ್ತು.

"ನೀನು ಓಗಿ ಡಾಕ್ಟ್ರಿಗೆ ತೋರ್ಸು. ನಾನು ದೋಣೀಲಿ ದಾಟ್ಕಂಡು ಬತ್ತೀನಿ."

"ಆ ಕಡೆ ಏರು ಭಾಳ ಐತ್ರಿ ಅಕ್ಕಾ!"

"ಇರ್ಲಿ ಬಿಡು. ಬಂದಿದ್ದೇ ಅದ್ಕಲ್ವಾ?"

ನಾನು ಮೀನು ತಿನ್ನುವವಳಲ್ಲ. ಆ ವಾಸನೆಯ ನಡುವೆ ಮೂಗು ಮುಚ್ಚಿಕೊಂಡು ಊರು ಸೇರಿದೆ. ಡಾಕ್ಟರು ಮೂಳೆ ಮುರಿದಿಲ್ಲ, ಉಳುಕಿದೆ ಎಂದು ಬ್ಯಾಂಡೇಜು ಕಟ್ಟಿದರು. ಡ್ರೈವರ್ ಅಲ್ಲಿಯವರೆಗೂ ಕಾದಿದ್ದು, ಲಾಡ್ಜಿನ ಮೆಟ್ಟಿಲವರೆಗೆ ಕೈಹಿಡಿದು ಬಿಟ್ಟುಹೋದ. ಅಕ್ಕ ಇನ್ನೂ ಬಂದಿರಲಿಲ್ಲ. ಫೋನ್ ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮ್ಯಾನೇಜರ್ ಬಾಗಿಲಲ್ಲೇ ಒಂದು ಕುರ್ಚಿ ಹಾಕಿಕೊಟ್ಟರು. ಅಷ್ಟರಲ್ಲಿ ನನ್ನ ಫೋನಿಗೆ ಅಕ್ಕನ ಯಜಮಾನರ ಕರೆ ಬಂತು.

"ಅವ್ಳು ಫೋನೇ ಎತ್ತುತಾ ಇಲ್ಲ. ಎಲ್ಲವ್ಳೆ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ನದಿ ದಾಟಿ ಸೈಕಲ್ ಮ್ಯಾಲೆ ಬರಾಕತ್ತಾರ್ರಿ" ಎಂದೆ.

"ಒಬ್ಳೇನಾ?"

"ಹೌದ್ರಿ. ಒಬ್ರೇ."

ಅವರು ಫೋನ್ ಇಡಲಿಲ್ಲ. ಇಬ್ಬರೂ ಹಾಗೇ ಕಾದೆವು, ನಾನು ಮಂಗಳೂರಿನ ಒಂದು ಬಾಗಿಲಲ್ಲಿ, ಅವರು ಅಟ್ಟೂರಿನ ವರಾಂಡದಲ್ಲಿ.

ಬಿಸಿಲು ಕಟ್ಟಡಗಳ ನೆತ್ತಿಯಲ್ಲಷ್ಟೇ ಉಳಿದಿದ್ದ ಸಂಜೆಯ ಹೊತ್ತು. ರಸ್ತೆಯ ಕೆಳತುದಿಯಲ್ಲಿ ಬಸ್ಸೊಂದರ ಹಿಂದೆ ನೀಲಿ ದುಪ್ಪಟ್ಟಾ ಕಂಡಿತು. ಬಸ್ಸು ಮುಂದೆ ಹೋಯಿತು. ಅಕ್ಕ ಇಳಿದಿರಲಿಲ್ಲ, ತುಳಿಯುತ್ತಿದ್ದರು. ಕಾಲುಗಳು ಗಿರಗಿರನೆ ತಿರುಗುತ್ತಿದ್ದವು, ಸೈಕಲ್ ಮಾತ್ರ ನಿಧಾನವಾಗಿ ಮೇಲೆ ಬರುತ್ತಿತ್ತು. ಗೇರ್ ಬದಲಿಸಿದ್ದಾರೆ ಎಂದು ನನಗೆ ಆಗ ತಿಳಿಯಿತು. ಮುಖ ಕೆಂಪಾಗಿತ್ತು, ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಕುರ್ಚಿಯಿಂದ ಒಂಟಿಕಾಲಿನಲ್ಲಿ ಎದ್ದು ನಿಂತು ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಮ್ಯಾನೇಜರ್ ಕೂಡ ಹೊರಗೆ ಬಂದು ಚಪ್ಪಾಳೆ ತಟ್ಟಿದರು.

ಅಕ್ಕ ಬಾಗಿಲ ಮುಂದೆ ಬ್ರೇಕ್ ಹಿಡಿದು ಇಳಿದರು. ಉಸಿರು ಹಿಡಿತಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಬಂದರಿನ ಗಲ್ಲೀಲಿ ಲಾರಿ ಬಂತು, ಅಲ್ಲಿ ಇಳಿದೆ. ಇನ್ನೆಲ್ಲೂ ಇಳೀಲಿಲ್ಲ. ನೀನು ಮುಟ್ಟಬ್ಯಾಡ ಅಂದಿದ್ದನ್ನ ಟಕ್ ಟಕ್ ಅನ್ಸಿ ನೋಡ್ದೆ. ಅಗುರಾಯ್ತು ನೋಡು!"

ನಾನು ಫೋನನ್ನು ಅವರ ಕಿವಿಗೆ ಹಿಡಿದೆ. ಯಜಮಾನರ ದನಿ ನನಗೂ ಕೇಳುತ್ತಿತ್ತು.

"ಬಂದ್ಯಾ?"

"ಬಂದೆ."

"ಎಲ್ಲಿಂದ ಬಂದೆ?"

"ಒಳೆ ಆಕಡೆಯಿಂದ."

ನಾನು ಅವರಿಂದ ಯಾವತ್ತೂ ಕೇಳದ ಮೆತ್ತನೆಯ ದನಿಯಲ್ಲಿ, "ಏನಾದ್ರೂ ತಿಂದ್ಯಾ?" ಎಂದರು.

ಸೀಟು ಹಿಡಿದು ಓಡಿದ್ದು ನಾನು ಎಂಬ ಹೆಮ್ಮೆ ನನಗೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವತ್ತು ಆ ಬಾಗಿಲಲ್ಲಿ ನನ್ನ ಕಣ್ಣು ತುಂಬಿದ್ದು ಅದಕ್ಕಲ್ಲ. ಬೆಂಗ್ರೆಯಿಂದ ಲಾಡ್ಜಿನವರೆಗಿನ ದಾರಿಯನ್ನು ನಾನು ಇವತ್ತಿಗೂ ನೋಡಿಲ್ಲ. ಅದು ಪೂರಾ ಅಕ್ಕನದು. ಆ ದೋಣಿಯಲ್ಲಿ ಯಾರಿದ್ದರು, ಬಂದರಿನ ಗೋದಾಮುಗಳಲ್ಲಿ ಮೆಣಸಿನಕಾಯಿಯ ಘಾಟು ಹೇಗಿತ್ತು, ಯಾವ ತಿರುವಿನಲ್ಲಿ ಯಾರು ದಾರಿ ತೋರಿಸಿದರು ಎಂದು ಅವರು ರಾತ್ರಿ ಊಟದ ಹೊತ್ತಿಗೆ ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ.

ಉಳಿದ ದಿನಗಳಲ್ಲಿ ನಾನು ಲಾಡ್ಜಿನಲ್ಲಿ ಕಾಲು ಮೇಲಿಟ್ಟು ಕೂತೆ. ಅಕ್ಕ ಬೆಳಿಗ್ಗೆ ಶೂ ಕಟ್ಟಿಕೊಂಡು ಒಬ್ಬರೇ ನಡೆಯಲು ಹೋಗಿ, ಬಿಸಿ ಬನ್ಸ್ ಕಟ್ಟಿಸಿಕೊಂಡು, ನೋಡಿದ್ದನ್ನೆಲ್ಲ ವರದಿ ಮಾಡಲು ವಾಪಸು ಬರುತ್ತಿದ್ದರು.

ಹಿಂತಿರುಗುವ ರೈಲಿನಲ್ಲಿ ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸು ನಮ್ಮನ್ನು ಮಾತಿಗೆಳೆದರು.

"ಧರ್ಮಸ್ಥಳಕ್ಕೆ ಹೋಗಿದ್ರಾ? ಇಲ್ಲ, ಸುಬ್ರಹ್ಮಣ್ಯಕ್ಕಾ?"

"ಎರಡಕ್ಕೂ ಇಲ್ಲ ಕಣಮ್ಮ" ಎಂದರು ಅಕ್ಕ. "ಸೈಕಲ್ ಒಡಿಯಕ್ಕೆ ಓಗಿದ್ವಿ."

ಆಕೆ ನನ್ನ ಬ್ಯಾಂಡೇಜಿನ ಕಾಲು ನೋಡಿ, ಅರ್ಥವಾಯಿತೆಂಬಂತೆ ತಲೆಯಾಡಿಸಿದರು. "ಪಾಪ, ಇವ್ರಿಗೆ ಹೊಡಿಯಕ್ಕೆ ಬರಲ್ವೇನೋ."

ಅಕ್ಕ ನಕ್ಕಿದ್ದಕ್ಕೆ ಇಡೀ ಬೋಗಿ ತಿರುಗಿ ನೋಡಿತು. ಆಮೇಲೆ ಕಾಲು ಮಡಚಿ ಸೀಟಿನ ಮೇಲೆ ಸರಿಯಾಗಿ ಕೂತು, ಆಕೆಗೆ ಮೊದಲಿನಿಂದ ಹೇಳತೊಡಗಿದರು. ರೈಲು ಹಾಸನ ದಾಟಿದರೂ ಕಥೆ ಇನ್ನೂ ಬೆಂಗ್ರೆಯ ದೋಣಿ ಹತ್ತಿರಲಿಲ್ಲ.