ಎಡಗಡೆಯ ಜಾಗ

ಮೈಮೇಲೆ ಗಾಳಿ ಬಂತು, ಸತ್ತವರು ಮಾತಾಡಿದರು ಎನ್ನುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮಲಪನಗುಡಿಯ ನನ್ನ ತಂಗಿಗೆ ಹಾಗಾಯಿತೆಂದು ದಾರ ಕಟ್ಟಿಸಲು ಕರೆದುಕೊಂಡು ಹೊರಟಾಗ, "ದಾರ ಬ್ಯಾಡ, ಎರಡು ಹೊತ್ತು ಹೊಟ್ಟಿತುಂಬ ಉಣ್ಣಾಕ ಹಾಕ್ರಿ" ಎಂದು ಅವಳ ಅತ್ತೆಯ ಎದುರೇ ಹೇಳಿದವಳು ನಾನು. ಅದೇ ಬಾಯಿಂದ ಈಗ ಇದನ್ನು ಹೇಳಬೇಕಾಗಿದೆ. ನಗುವುದಿದ್ದರೆ ನಗಿ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಯಜಮಾನರು ಸಂಡೂರಿನ ಗಣಿಯಲ್ಲಿ ಅದಿರಿನ ಲಾರಿ ಓಡಿಸಿದವರು. ಮನೆ ಹೊಸಪೇಟೆಯಲ್ಲಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಹುಚ್ಚು, ಕ್ರಿಕೆಟ್. ಅದೂ ಟಿವಿಯದಲ್ಲ. ಟಿವಿ ಹಚ್ಚಿದರೆ, "ಇದರಾಗ ಮಣ್ಣಿನ ವಾಸನಿ ಎಲ್ಲೈತಿ" ಎಂದು ಎದ್ದುಹೋಗುತ್ತಾರೆ. ಅವರಿಗೆ ಬೇಕಾದದ್ದು ನಮ್ಮ ಕಡೆಯ ಟೆನಿಸ್ ಬಾಲಿನ ಟೂರ್ನಮೆಂಟು. ಕಂಪ್ಲಿ ಕಡೆ ಭತ್ತ ಕೊಯ್ದು ಗದ್ದೆ ಒಣಗಿತೆಂದರೆ ಹುಡುಗರು ಕೂಳೆ ಕಿತ್ತು, ನೀರು ಚಿಮುಕಿಸಿ ನೆಲ ಬಡಿದು, ಆಟ ಶುರು ಮಾಡುತ್ತಾರೆ. ಆ ಮೊದಲ ವಾರ ಇವರು ಮನೆಯಲ್ಲಿ ನಿಲ್ಲುವುದಿಲ್ಲ. ಒಂದು ದಿನ ಹೊಸಪೇಟೆ, ಒಂದು ದಿನ ಹಂಪಿ ಹತ್ತಿರದ ಬಯಲು, ಆಮೇಲೆ ಸಂಡೂರು, ಕಡೆಗೆ ಕಂಪ್ಲಿ. ಚೋರನೂರಿನಲ್ಲಿ ಆಟವಿದೆ ಎಂದರೆ ಅಲ್ಲಿಗೂ ಬಸ್ಸು ಹತ್ತುತ್ತಾರೆ.

ನನ್ನ ಹೊಟ್ಟೆಕಿಚ್ಚು ಆಟದ ಮೇಲಲ್ಲ. ನಾನು ಅವರಿಗೆ ಎರಡನೆಯ ಹೆಂಡತಿ. ಮೊದಲನೆಯವಳು ಎರಡೇ ವರ್ಷ ಬಾಳಿ ಜ್ವರದಲ್ಲಿ ತೀರಿಕೊಂಡಳು. ನಾನು ಆಕೆಯ ಮುಖ ಕಂಡವಳಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಆದರೂ ಸತ್ತ ಸವತಿಯ ಹೆಸರಿನಲ್ಲಿ ಸಣ್ಣದೊಂದು ಬೆಳ್ಳಿ ತಾಳಿ ಮಾಡಿಸಿ, ಎರಡನೆಯವಳು ಅದನ್ನು ತನ್ನ ತಾಳಿಯ ಜೊತೆಗೇ ಕಟ್ಟಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಹಬ್ಬಕ್ಕೆ ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ನಾನು ಉಡಬೇಕು. ನಲವತ್ತು ವರ್ಷ ಅದನ್ನೂ ಮಾಡಿದೆ. ನುಂಗಲಾಗದೆ ಉಳಿದದ್ದು ನಾದಿನಿ ಒಮ್ಮೆ ಆಡಿದ ಮಾತು. "ನಮ್ಮಣ್ಣ ಆಕಿನ್ನ ಸೈಕಲ್ ಮ್ಯಾಲೆ ಕುಂದ್ರಿಸ್ಕೊಂಡು ಮ್ಯಾಚಿಗೆ ಹೋಗ್ತಿದ್ದ. ಆಕಿಗೂ ಅವನಷ್ಟೇ ಹುಚ್ಚು ನೋಡು." ನನ್ನನ್ನು ಮಾತ್ರ ಒಮ್ಮೆಯೂ, ಬಾಯಿಮಾತಿಗೂ, ಬಾ ಎಂದವರಲ್ಲ.

ಆರೇಳು ವರ್ಷದ ಹಿಂದೆ, ಮೊಮ್ಮಕ್ಕಳಿಗೆ ಮೀಸೆ ಬಂದ ಮೇಲೆ, ನಾನೂ ಬರುತ್ತೇನೆಂದು ಹಟ ಹಿಡಿದೆ.

"ದಿನಾನಗಟ್ಲೆ ಬಿಸಲಾಗ ಕುಂದ್ರಬೇಕು. ನಿನ್ ಕೈಲೆ ಆಗಲ್ಲ," ಎಂದರು.

"ಆಕಿ ಕೈಲೆ ಆಗ್ತಿತ್ತೇನ್ರಿ?" ಎಂದೆ.

ಅವರು ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಕಾಲಲ್ಲೇ ಇತ್ತು.

ಹೊರಡುವ ಮುಂಚೆ ನಾನು ಒಂದು ತಪ್ಪು ಮಾಡಿದೆ. ಆ ಬೆಳ್ಳಿ ತಾಳಿಯನ್ನು ಬಿಚ್ಚಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟೆ. ಇಷ್ಟು ದಿನ ನೀನು ಹೋದದ್ದು ಸಾಕು, ಈ ಸಲ ನಾನು ಹೋಗುತ್ತೇನೆ, ನೀನು ಮನೆಯಲ್ಲಿರು ಎಂದುಕೊಂಡೆ. ಸತ್ತವಳ ಜೊತೆ ಹೀಗೆ ಜಗಳ ಆಡುವುದು ಯಾವ ಬುದ್ಧಿ ಎಂದು ನೀವು ಕೇಳಬಹುದು. ಹೊಟ್ಟೆಕಿಚ್ಚಿಗೆ ಬುದ್ಧಿ ಇರುವುದಿಲ್ಲ.

ಹೊಸಪೇಟೆಯಲ್ಲಿ ಮೊದಲ ದಿನವೇ ಕಣ್ಣಿಗೆ ಬಿತ್ತು. ಯಜಮಾನರು ಟವೆಲ್ಲು ಹಾಸಿ ಅದರ ಮೇಲೆ ತಾವು ಕೂರಲಿಲ್ಲ, ಪಕ್ಕದ ಬರೀ ನೆಲದ ಮೇಲೆ ಕೂತರು. ಟವೆಲ್ಲು ಅವರ ಎಡಕ್ಕೆ. ನಾನು ಅದರ ಮೇಲೆ ಕೂರಲು ಹೋದರೆ, "ಈ ಕಡಿ ಕುಂದ್ರು, ಅಲ್ಲಿ ಬಿಸಲು ಬಡೀತೈತಿ" ಎಂದು ಬಲಗಡೆ ತೋರಿಸಿದರು. ಹಂಪಿ ಹತ್ತಿರವೂ ಹಾಗೆಯೇ ಆಯಿತು. ಸಂಡೂರಿನಲ್ಲಿ ದಪ್ಪನೆಯ ಮನುಷ್ಯನೊಬ್ಬ ಬಂದು ಟವೆಲ್ಲಿನ ಮೇಲೆ ಕೂರಲು ನೋಡಿದ. "ಜನ ಐತ್ರಿ ಅಲ್ಲಿ," ಎಂದರು ಇವರು. ಅವನು ಆ ಕಡೆ ಈ ಕಡೆ ನೋಡಿ, "ಎಲ್ಲೈತ್ರೀ ಯಜಮಾನ್ರೇ, ಟವೆಲ್ಲಿನ ಕೆಳಗೇನು?" ಎಂದು ನಕ್ಕು ಮುಂದೆ ಹೋದ. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು.

ಕಂಪ್ಲಿಯಲ್ಲಿ ಅವರು ಟವೆಲ್ಲು ಹಾಸಿ ಮುಗಿಸುವ ಮೊದಲೇ ಹೋಗಿ ಅದರ ಮೇಲೆ ಕೂತುಬಿಟ್ಟೆ. ಅವರು ಬಾಯಿ ತೆರೆದರು, ಸುತ್ತ ಜನ ಇದ್ದರೆಂದು ಮುಚ್ಚಿದರು. ಸಂಜೆ ನಾಲ್ಕರ ಸುಮಾರು. ಬಿಸಿಲು ಬಲಗೆನ್ನೆಗೆ ಬಡಿಯುತ್ತಿತ್ತು. ನನಗೆ ಆ ಆಟದಲ್ಲಿ ಗೊತ್ತಿದ್ದದ್ದು ಚೆಂಡು ಮತ್ತು ಬ್ಯಾಟು ಮಾತ್ರ. ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ರನ್ನು ಎಣಿಸುವುದೂ ಬರುತ್ತಿರಲಿಲ್ಲ.

ಆಗ ನಾನು ಹೇಳಿದೆ: "ಈಗ ಆ ಕಡಿ ಎತ್ತಿ ಹೊಡಿತಾನ. ಆ ಉದ್ದನ್ನ ಹುಡುಗ ಕೈಯಾಗ ಬಂದಿದ್ದು ಬಿಡ್ತಾನ."

ದನಿ ನನ್ನದೇ. ಮೈ ನಡುಗಲಿಲ್ಲ, ಕಣ್ಣಿಗೆ ಕತ್ತಲೆ ಕವಿಯಲಿಲ್ಲ. ಕೆಮ್ಮು ಬಂದ ಹಾಗೆ ಮಾತು ಬಂತು, ಅಷ್ಟೆ. ಹೊಡೆದ. ಉದ್ದನೆಯ ಹುಡುಗ ಬಿಟ್ಟ. ಮುಂದಿನ ಬಾಲು ಏನಾಗುತ್ತದೆಂದು ಹೇಳಿದೆ, ಅದೂ ಆಯಿತು. ಅದರ ಮುಂದಿನದೂ. ಹಿಂದೆ ಕೂತವರೊಬ್ಬರು, "ಏ ಅಜ್ಜಿ, ಮೊದ್ಲೇ ಮಾತಾಡಿಕೊಂಡು ಬಂದಾರೇನಬೇ ನಿನ್ ಕೂಡ?" ಎಂದರು. ಎಲ್ಲರೂ ನಕ್ಕರು. ಹೀಗೆ ಒಂದು ಓವರು ಪೂರಾ, ಆರು ಬಾಲು.

ಅದು ಮುಗಿದದ್ದೇ ನಾನು ಯಜಮಾನರ ಕಡೆ ತಿರುಗದೆಯೇ, "ಈ ಕಡಿ ಸರಿಯೋ ಗುಂಡ್ಯಾ, ಬಿಸಲು ಬಡೀತೈತಿ" ಎಂದೆ.

ನನ್ನ ಗಂಡನಿಗೆ ನಾನು ಏಕವಚನ ಹಚ್ಚಿದವಳಲ್ಲ. ಗುಂಡ್ಯಾ ಎಂದು ಅವರನ್ನು ಯಾರೂ ಕರೆದದ್ದು ಕೇಳಿಲ್ಲ. ಒಣಗಿದ ಜಾಲಿ ಗಿಡದಂತಿರುವ ಮನುಷ್ಯ. ಅವರು ತಿರುಗಿದರು. ಆ ಮುಖವನ್ನು ಹೇಗೆ ಹೇಳಲಿ? ನಾಲ್ಕು ಮಕ್ಕಳನ್ನು ಹೆತ್ತಾಗಲೂ, ನಾನು ಸಾಯುವ ಹಾಗಾಗಿ ಆಸ್ಪತ್ರೆಯಿಂದ ಉಳಿದು ಬಂದಾಗಲೂ ಆ ಮುಖವನ್ನು ನನಗೆ ತೋರಿಸಿರಲಿಲ್ಲ. ಇಪ್ಪತ್ತು ವರ್ಷದವನ ಮುಖ ಅದು. ಸರಿದು ಕೂತು ನನ್ನ ಕೆನ್ನೆಗೆ ನೆರಳು ಮಾಡಿದರು. "ಮುಂದಿನ ಬಾಲು?" ಎಂದರು, ಮೆಲ್ಲಗೆ.

ನನ್ನೊಳಗೆ ಏನೂ ಇರಲಿಲ್ಲ. ಬಂದದ್ದು ಹೋಗಿಬಿಟ್ಟಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಮುಖ ಇನ್ನೊಂದು ಗಳಿಗೆ ನನ್ನ ಕಡೆಗೇ ಇರಲೆಂದು ಸುಳ್ಳು ಹೇಳಿದೆ. "ಸಿಕ್ಸ್ ಹೊಡಿತಾನ ನೋಡ್ರಿ."

ಬಾಲು ಬಂತು. ಹಿಂದಿನ ಕೋಲು ಹಾರಿ ಬಿತ್ತು. ಹೊಡೆಯುವವನು ಔಟು. ಜನ ಕೂಗಿದರು. ಯಜಮಾನರ ಮುಖ ಮತ್ತೆ ಎಪ್ಪತ್ತು ವರ್ಷದ್ದಾಯಿತು.

ಕಾರಣ ಹುಡುಕದೆ ಬಿಟ್ಟವಳಲ್ಲ ನಾನು. ಬಿಸಿಲು ನೆತ್ತಿಗೇರಿತ್ತು ಎಂದರೆ, ಬಿಸಿಲು ಆರು ಬಾಲು ಮೊದಲೇ ತೋರಿಸುತ್ತದೆಯೇ? ಆ ಹೆಸರು ಹಿಂದೆಂದೋ ಕಿವಿಗೆ ಬಿದ್ದಿರಬೇಕು ಎಂದು ನಾದಿನಿಯನ್ನು ವಿಚಾರಿಸಿದೆ. ಆಕೆಯೂ ಕೇಳಿರಲಿಲ್ಲ. ತಾಳಿ ಬಿಚ್ಚಿದ್ದಕ್ಕೆ ಹೀಗಾಯಿತೋ ಎಂದು ಮರುವರ್ಷ ಬೇಕೆಂದೇ ಬಿಚ್ಚಿಟ್ಟು ಹೋದೆ. ಏನೂ ಆಗಲಿಲ್ಲ. ಕಟ್ಟಿಕೊಂಡು ಹೋದಾಗಲೂ ಆಗಲಿಲ್ಲ.

ಹೌದು, ಮರುವರ್ಷವೂ ಹೋದೆ. ಅವರೇ ಕರೆದರು. ಈಗ ಪ್ರತಿ ವರ್ಷ ಕರೆಯುತ್ತಾರೆ. ಟವೆಲ್ಲು ಕೊಡವಿ ಹಾಸಿ, ಎಡಗಡೆ ಕೈ ತೋರಿಸಿ, ಕುಂದ್ರು ಎನ್ನುತ್ತಾರೆ. ನಲವತ್ತು ವರ್ಷ ನಾನು ಬೇಡಿದ್ದು ಅದೇ. ಆದರೆ ಆಟ ಶುರುವಾದ ಮೇಲೆ ಅವರು ಬಾಲು ನೋಡುವುದಿಲ್ಲ. ಓರೆಗಣ್ಣಿನಲ್ಲಿ ನನ್ನ ಬಾಯಿ ನೋಡುತ್ತಾರೆ.

ಈ ವರ್ಷ ಕಂಪ್ಲಿಯಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟೆ. "ಯಾರನ್ನ ಕರ್ಕೊಂಡು ಬಂದೀರಿ ಇಲ್ಲಿಗೆ, ನನ್ನನ್ನೋ ಆಕಿನ್ನೋ?"

ಅವರು ಮಂಡಕ್ಕಿ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದು, "ತಗಾ" ಎಂದರು.

ತೆಗೆದುಕೊಂಡೆ. ಬಾಯಿ ತುಂಬ ತುಂಬಿಕೊಂಡೆ, ಯಾರಿಗೂ ಮಾತಾಡಲು ಜಾಗ ಉಳಿಯದ ಹಾಗೆ.