ಆಯಿಯ ದನಿ ಹುಡುಕುವ ಕೀಬೋರ್ಡು

ದೀಪಾವಳಿ ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಂದೇ ಮಾತು: ಈ ವರ್ಷದ ಅತ್ಯುತ್ತಮ ಕೀಬೋರ್ಡು ಯಾವುದು. ಮಾತಾಡುವವರು ನನ್ನ ಗಂಡ ಒಬ್ಬರೇ, ಕೇಳುವವಳು ನಾನೊಬ್ಬಳೇ. ಯಾದಗಿರಿ ಬಜಾರಿನಲ್ಲಿ ಅವರದು ಭಾಂಡೆ ಅಂಗಡಿ. ಕೊಡ, ಪರಾತ, ಚರಿಗೆಗಳ ಸದ್ದು ಬಿಟ್ಟರೆ ಬೇರೆ ಯಾವ ನಾದವೂ ಅವರ ಕಿವಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಅಂಥವರು ಗಲ್ಲಾ ಮೇಲೆ ಕೂತು ಮೊಬೈಲಿನಲ್ಲಿ ವಿಡಿಯೊ ಮೇಲೆ ವಿಡಿಯೊ ನೋಡಿ, ಯಾವ ಕಂಪನಿಯದು ಒಂದನೇ ನಂಬರು, ಯಾವುದು ಎರಡನೇದು ಎಂದು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತ, “ಪಾಲಿಫನಿ ಭಾಳ ಮುಖ್ಯ ನೋಡು” ಅನ್ನುವರು. ಅದೇನೆಂದು ಕೇಳಿದರೆ ಪಲ್ಯ ಹಾಕು ಅನ್ನುವರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆದರೂ ಆಗ ಸುಮ್ಮನಿರುತ್ತಿದ್ದೆ. ಈ ಮನುಷ್ಯ ಯಾಕೆ ಇಷ್ಟು ಒದ್ದಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಅದರ ಹಿಂದಿನ ಬೇಸಿಗೆಯಲ್ಲಿ ನನಗೆ ಲಕ್ವಾ ಹೊಡೆದಿತ್ತು. ಬೇಗ ದವಾಖಾನೆಗೆ ಒಯ್ದರು, ಜೀವ ಉಳಿಯಿತು, ಮಾತು ತಿರುಗಿ ಬಂತು, ಕಾಲು ಎಳೆಯುತ್ತ ನಡೆಯುವಷ್ಟಾಯಿತು. ಎಡಗೈ ಮಾತ್ರ ಬರಲಿಲ್ಲ. ಬೆರಳು ಮಡಚಿಕೊಂಡೇ ಇರುತ್ತಿದ್ದವು. ಹೆಬ್ಬೆರಳು ಅಷ್ಟಿಷ್ಟು ಆಡುತ್ತಿತ್ತು, ಮೊಣಕೈ ಸ್ವಲ್ಪ ಎತ್ತಬಲ್ಲವಳಾಗಿದ್ದೆ. ಬಲಗೈಗೆ ಏನೂ ಆಗಿರಲಿಲ್ಲ. ನೋಡಲು ಬಂದವರೆಲ್ಲ, “ಬಲಗೈ ಉಳೀತಲ್ಲ, ದೇವರು ದೊಡ್ಡಂವ” ಎಂದು ಹೇಳಿ ಹೋದರು. ಅಡುಗೆ ಮಾಡುವವರಿಗೆ, ಬರೆಯುವವರಿಗೆ ಅದು ಸರಿ. ನಾನು ಪೇಟಿ ಬಾರಿಸುವವಳು.

ನಮ್ಮ ಓಣಿಯ ಮಠದಲ್ಲಿ ಪ್ರತಿ ಸೋಮವಾರ ಸಂಜೆ ಹೆಣ್ಣುಮಕ್ಕಳು ಭಜನೆಗೆ ಕೂಡುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲೇ ಅಲ್ಲಿನ ಪೇಟಿಯ ಮುಂದೆ ನನ್ನನ್ನು ಕೂಡಿಸಿದ್ದರು. ಪೇಟಿಯೆಂದರೆ ಹಾರ್ಮೋನಿಯಂ. ಬಲಗೈ ಮನೆಗಳ ಮೇಲೆ, ಅಂದರೆ ಆ ಕರಿ ಬಿಳಿ ಪಟ್ಟಿಗಳ ಮೇಲೆ ಓಡಬೇಕು, ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ಹಾಕಬೇಕು. ಗಾಳಿ ಇಲ್ಲದ ಪೇಟಿ ಬರೀ ಕಟ್ಟಿಗೆ.

ನಮ್ಮ ಭಜನೆಯಲ್ಲಿ ಒಂದು ರೂಢಿಯಿದೆ. ಹೊರಗಿನ ಹಾಡುಗಾರರು ಕೇಳಿದರೆ ನಕ್ಕಾರು. ಇಂಥ ಮನೆಯಿಂದ ಶುರು ಮಾಡಿ ಎಂದು ಹಾಡುವವರಿಗೆ ಯಾರೂ ಹೇಳುವುದಿಲ್ಲ. ಪದ ಯಾರಿಗೆ ಬರುತ್ತದೋ ಅವರು ತಮ್ಮ ದನಿ ಅವತ್ತು ಎಲ್ಲಿ ಕೂತಿರುತ್ತದೋ ಅಲ್ಲಿಂದ ಎತ್ತಿಬಿಡುತ್ತಾರೆ. ಅದು ಕರಿ ಎರಡೋ ಬಿಳಿ ಐದೋ ಎಂದು ಹುಡುಕಿಕೊಂಡು ಹೋಗುವುದು ಪೇಟಿಯವಳ ಕೆಲಸ. ದನಿಯೇ ಪೇಟಿಗೆ ಬರಬೇಕೆಂದರೆ ಅದನ್ನು ಸೊಕ್ಕು ಅನ್ನುತ್ತಾರೆ ನಮ್ಮಲ್ಲಿ.

ಹೀಗೆ ಎತ್ತುವವರಲ್ಲಿ ಎಲ್ಲರಿಗಿಂತ ಹಿರಿಯಳು ಆಯಿ. ನನಗೆ ಅಜ್ಜಿಯ ಸಂಬಂಧವೇನಿಲ್ಲ, ಇಡೀ ಓಣಿಗೇ ಆಯಿ. ಕಣ್ಣು ಮಂಜಾಗಿವೆ, ಹಲ್ಲಿಲ್ಲ, ಎಷ್ಟು ತತ್ವಪದಗಳು ಬರುತ್ತವೆಂದು ಆಕೆಗೇ ಗೊತ್ತಿಲ್ಲ. ವಯಸ್ಸಾದ ಹಾಗೆ ದನಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊದಲ ನುಡಿಯಲ್ಲಿ ಒಂದು ಮನೆ, ಮೂರನೆಯದಕ್ಕೆ ಇನ್ನೊಂದಕ್ಕೆ ಇಳಿದಿರುತ್ತಿತ್ತು. ನಾನು ಬೆನ್ನು ಬಿಡದೆ ಹೋಗುತ್ತಿದ್ದೆ. ತಾನು ಇಳಿದದ್ದು ಆಕೆಗೆ ಎಂದೂ ಗೊತ್ತಾಗುತ್ತಿರಲಿಲ್ಲ, ಗೊತ್ತಾಗದಂತೆ ನೋಡಿಕೊಳ್ಳುವುದರಲ್ಲೇ ನನ್ನ ಸುಖವಿತ್ತು.

ನಾನು ಬಿದ್ದ ಮೇಲೆ ಭಜನೆಯವರು ಬೇರೆ ಯಾರನ್ನೂ ಪೇಟಿಗೆ ಕೂಡಿಸಲಿಲ್ಲ. ಕೂಡಿಸಬಹುದಿತ್ತು, ಕಲಿತ ಹುಡುಗಿಯರಿದ್ದರು. ಅದರ ಬದಲು ಯಾರದೋ ಮೊಬೈಲಿನಲ್ಲಿ ಶ್ರುತಿ ಹಚ್ಚಿಕೊಂಡು ಹಾಡಿದರು, ಪೇಟಿಯ ಹಿಂದಿನ ನನ್ನ ಜಾಗ ಹಾಗೇ ಬಿಟ್ಟಿದ್ದರು. ಆಯಿ ಮಾತ್ರ ಹಾಡುವುದನ್ನೇ ಬಿಟ್ಟಳು. ನಾನು ಕೋಲೂರಿಕೊಂಡು ತಿರುಗಿ ಮಠಕ್ಕೆ ಹೋಗತೊಡಗಿದಾಗ ಯಾಕೆಂದು ಕೇಳಿದೆ.

“ಆ ಫೋನು ನನ್ನ ಹಂತ್ಯಾಕ ಬರಂಗಿಲ್ಲ ಯವ್ವ. ನಾನಾ ಅದರ ಹಂತ್ಯಾಕ ಹೋಗಬೇಕು. ಈ ವಯಸ್ಸಿನಾಗ ನಾ ಎಲ್ಲಿ ಹೋಗ್ಲಿ?” ಅಂದಳು.

ಅವತ್ತು ಮನೆಗೆ ಬಂದು ಅತ್ತೆ. ನನ್ನ ಕೈ ಹೋದದ್ದಕ್ಕೆ ಅಷ್ಟು ಅತ್ತಿರಲಿಲ್ಲ. ಆಯಿಗೆ ಇನ್ನೆಷ್ಟು ದಿನ ಉಳಿದಿವೆಯೋ, ಆ ದಿನಗಳಲ್ಲಿ ಆಕೆ ಹಾಡದೆ ಕೂತಿರುವುದಕ್ಕೆ ನಾನೇ ಕಾರಣವಾದೆನಲ್ಲ ಅನ್ನಿಸಿತು.

ಪಕ್ಕದ ಮನೆಯಲ್ಲೇ ಇರುವ ನನ್ನ ಹಿರಿಯ ನೆಗೆಣ್ಣಿಗೆ, ಗಂಡನ ಅಣ್ಣನ ಹೆಂಡತಿಗೆ, ಈ ಅಳು ಕೇಳಿಸಿತು. ನಾನು ಆಕೆಯನ್ನು ಅಕ್ಕ ಅನ್ನುತ್ತೇನೆ. ಅಕ್ಕನಿಗೆ ಹಾಡು ಕುಣಿತ ಯಾವುದೂ ಬೇಡ, ಭಜನೆಗೂ ಪ್ರಸಾದದ ಹೊತ್ತಿಗೇ ಬರುವವಳು. “ಗಾಳಿ ಹಾಕೋದು ಒಂದs ಅಲ್ಲೇನು, ನಾ ಹಾಕ್ತೀನಿ ಬಾ” ಅಂದಳು. ಮುಂದಿನ ಸೋಮವಾರ ಪೇಟಿಯ ಆಚೆ ಬದಿ ಆಕೆ, ಈಚೆ ಬದಿ ನಾನು. ಸೆರಗು ಸಿಕ್ಕಿಸಿಕೊಂಡು ಆಕೆ ತಿದಿ ಒತ್ತಿದ್ದು ಬಾವಿಯಿಂದ ನೀರು ಸೇದಿದ ಹಾಗಿತ್ತು. ಆಯಿ ಪದ ಎತ್ತಿದಳು, ನಾನು ಹುಡುಕಲು ಹೊರಟೆ. ಮೊದಲು ಮುಟ್ಟಿದ ಮನೆ ತಪ್ಪು, ಅದು ಮಠ ಹಾರಿಹೋಗುವಂತೆ ಕೂಗಿತು. ಎರಡನೆಯದೂ ತಪ್ಪು, ಅದೂ ಕೂಗಿತು. ಆಯಿ ಬೆದರಿ ನಿಲ್ಲಿಸಿಬಿಟ್ಟಳು. ಅಕ್ಕ ಹಣೆ ಒರೆಸಿಕೊಂಡು, “ಇನ್ನಾ ಜೋರ್ ಹಾಕ್ಲೇನು?” ಅಂದಳು.

ನಗು ಬಂತು, ಆದರೆ ಅವತ್ತೇ ನನಗೆ ಒಂದು ವಿಷಯ ತಿಳಿಯಿತು. ಇಷ್ಟು ವರ್ಷ ನಾನು ಬಲಗೈಯಿಂದ ಬಾರಿಸುತ್ತೇನೆಂದೇ ತಿಳಿದಿದ್ದೆ. ಹುಡುಕುವಾಗ ಎಡಗೈ ತನ್ನಷ್ಟಕ್ಕೆ ತಾನೇ ಗಾಳಿ ಕಡಿಮೆ ಮಾಡುತ್ತಿತ್ತು. ತಪ್ಪು ಮನೆ ಮುಟ್ಟಿದರೂ ನನ್ನ ಕಿವಿಗಷ್ಟೇ ಕೇಳುತ್ತಿತ್ತು, ಸರಿಯಾದದ್ದು ಸಿಕ್ಕ ಮೇಲೆ ಗಾಳಿ ತುಂಬುತ್ತಿತ್ತು. ಅದನ್ನು ನಾನು ಕಲಿತದ್ದೂ ಇಲ್ಲ, ಇನ್ನೊಬ್ಬರಿಗೆ ಕಲಿಸಲೂ ಬರಲಿಲ್ಲ. ಅಕ್ಕ ಪಾಪ ಒಂದಿಷ್ಟು ಸೋಮವಾರ ಬಂದಳು. ನಾನು ಬೈದೆ, ಆಕೆ ತಿರುಗಿ ಬೈದಳು, ಆಯಿ ಬಾಯಿ ಬಿಡಲಿಲ್ಲ. ಆಮೇಲೆ ಪೇಟಿಯನ್ನು ಬಟ್ಟೆ ಹೊದಿಸಿ ಇಟ್ಟೆವು.

ಆಗ ಶುರುವಾದದ್ದು ನನ್ನ ಗಂಡನ ಕೀಬೋರ್ಡು ಹುಚ್ಚು. ಗಾಳಿಯೇ ಬೇಡ, ಕರೆಂಟಿನ ಮೇಲೆ ನಡೆಯುತ್ತದೆ, ಒಂದೇ ಕೈ ಸಾಕು. ಕೊಂಡರೆ ಈ ವರ್ಷದ ಒಂದನೇ ನಂಬರಿನದನ್ನೇ ಕೊಳ್ಳುವುದು ಎಂದು ಹಟ ಹಿಡಿದರು. ಅದು ಶಹಾಪುರದ ಒಂದು ಅಂಗಡಿಗೆ ಬಂದಿದೆಯೆಂದು ಪತ್ತೆ ಹಚ್ಚಿ, ಒಂದು ಮುಂಜಾನೆ ಕಾರು ಹೇಳಿದರು. ಅಕ್ಕನೂ ಹೊರಟಳು. ಯಾಕೆಂದರೆ, “ನಿಮ್ಮಿಬ್ಬರಿಗೂ ವ್ಯಾಪಾರ ಬರಂಗಿಲ್ಲ” ಅಂತೆ. ಹುಟ್ಟಿದಾಗಿನಿಂದ ವ್ಯಾಪಾರ ಮಾಡಿದ ಮೈದುನನ ಮುಖಕ್ಕೇ ಹಾಗೆ ಹೇಳಿದಳು. ಭೀಮಾ ಸೇತುವೆ ದಾಟಿ, ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಿಂತು ನಿಂತು ಹೋದೆವು.

ಅಂಗಡಿಯವನು ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದೆಯವನು. ಒಂದನೇ ನಂಬರನ್ನು ಸ್ಟ್ಯಾಂಡಿನ ಮೇಲಿಟ್ಟು ತೋರಿಸಿದ. ಹೊಳೆಯುತ್ತಿತ್ತು. ನನ್ನ ಗಂಡ ಅಭ್ಯಾಸಬಲದಿಂದ ಅದರ ತಳವನ್ನು ಬೆರಳಿನಿಂದ ಬಡಿದು ನೋಡಿದರು. ಪಿಯಾನೊ, ಪಿಟೀಲು, ಡ್ರಮ್ಮು ಎಲ್ಲ ಅದರಲ್ಲಿದ್ದವು. ಪೇಟಿಯ ದನಿ ಇದೆಯೇ ಎಂದು ಕೇಳಿದೆ, ಅದೂ ಇತ್ತು, ಚೆನ್ನಾಗಿಯೇ ಇತ್ತು. ಕಣ್ಣು ಮುಚ್ಚಿ, ಆಯಿ ಎತ್ತುವ ಹಾಗೆ ಎಲ್ಲಿಂದಲೋ ಒಂದು ದನಿ ಎತ್ತಿ ಹುಡುಕಿದೆ. ತಪ್ಪು ಮನೆ ಪೂರಾ ದನಿಯಲ್ಲಿ ಕೂಗಿತು. ಮೆಲ್ಲಗೆ ಒತ್ತಿದರೂ ಅಷ್ಟೇ, ಗಟ್ಟಿಯಾಗಿ ಒತ್ತಿದರೂ ಅಷ್ಟೇ. ದನಿ ಇಳಿಸಲು ಸಣ್ಣ ಸಣ್ಣ ಗುಂಡಿಗಳಿದ್ದವು, ಮತ್ತೆ ಮತ್ತೆ ಒತ್ತಬೇಕು. ಬಲಗೈ ಮನೆಗಳನ್ನು ಬಿಡುವಂತಿಲ್ಲ, ಎಡಗೈ ಬೆರಳು ಬಿಚ್ಚುವುದಿಲ್ಲ.

“ಇದು ಬ್ಯಾಡ್ರಿ” ಅಂದೆ.

ನನ್ನ ಗಂಡನ ಮುಖ ಇಳಿಯಿತು. “ಎಲ್ಲಾರೂ ಇದಾ ಛಲೋ ಅಂತ ಹೇಳ್ಯಾರ. ನೀ ಒಬ್ಬಾಕಿ ಬ್ಯಾಡ ಅಂತಿ.”

“ಎಲ್ಲಾರೂ ನಮ್ಮ ಆಯಿಗೆ ಬಾರಿಸ್ಯಾರೇನ್ರಿ?”

“ಅದೇನ್ ತಕರಾರು ಅದ ಅದರಾಗ?”

ಹೇಳಲು ನನಗೆ ಬರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು. ಆಗ ಸ್ಟೂಲಿನ ಮೇಲೆ ಕೂತು ಬೇಸತ್ತಿದ್ದ ಅಕ್ಕ ಬಾಯಿ ಹಾಕಿದಳು. “ಆಕಿಗಿ ಸಿಗೋತನಕ ಸಪ್ಪಳ ಕಮ್ಮಿ ಇರಬೇಕು, ಸಿಕ್ಕಮ್ಯಾಗ ಜಾಸ್ತಿ ಆಗಬೇಕು. ಅದೂ ಆ ಸೊಟ್ಟ ಕೈಲೆ ಆಗಬೇಕು. ಅದಕ್ಕಾ ನನಗ ವರ್ಷಾನಗಟ್ಲೆ ಬೈಯಾಕತ್ತಾಳ. ಅಂಥಾದು ಅದಾ ಇಲ್ಲಾ?”

ವರ್ಷಗಟ್ಟಲೆಯೇನೂ ಅಲ್ಲ. ಆದರೆ ನನ್ನಿಂದ ಹೇಳಲಾಗದ್ದನ್ನು ಆಕೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ನಾನು ಬೈದದ್ದನ್ನೆಲ್ಲ ಆಕೆ ಕೇಳಿಸಿಕೊಂಡಿದ್ದಳು, ಅರ್ಥವನ್ನೂ ಮಾಡಿಕೊಂಡಿದ್ದಳು. ಕೈ ಮಾತ್ರ ಆಕೆಯ ಮಾತು ಕೇಳಿರಲಿಲ್ಲ. ಅಂಗಡಿಯವನು ಸ್ವಲ್ಪ ಯೋಚಿಸಿ, ತನ್ನ ಹತ್ತಿರ ಅಂಥದ್ದಿಲ್ಲ, ಸುರಪುರದಲ್ಲಿ ಒಬ್ಬ ಚಾಚಾ ಇದ್ದಾರೆ, ಮದುವೆಗಳಲ್ಲಿ ಬಾರಿಸುವವರು, ಹಳೇ ಮಾಡೆಲ್ಲುಗಳನ್ನೂ ಇಟ್ಟುಕೊಂಡಿರುತ್ತಾರೆ ಎಂದು ದಾರಿ ಹೇಳಿದ. ಸಿಕ್ಕ ಗಿರಾಕಿಯನ್ನು ಬೇರೆ ಊರಿಗೆ ಕಳಿಸಿದ ಪುಣ್ಯಾತ್ಮ. ಚಹಾ ಕುಡಿಸಿಯೇ ಕಳಿಸಿದ.

ಸುರಪುರದ ಚಾಚಾರ ಅಂಗಡಿ ಒಂದು ಕೋಣೆ ಅಷ್ಟೇ. ಭಜನೆಗೆ ಬೇಕೆಂದು ನನ್ನ ಗಂಡ ಹೇಳುತ್ತಿದ್ದಂತೆ, ನನ್ನ ಕೈ ನೋಡಿದವರೇ ಬೇರೇನೂ ಕೇಳದೆ ನೆಲದ ಮೇಲೆ ಜಮಖಾನ ಹಾಸಿದರು. “ಕೂಡ್ರಿ ಅಮ್ಮಾ, ಭಜನಿ ಮಂದಿ ಕುರ್ಚಿ ಮ್ಯಾಲೆ ಕುಂತು ಬಾರಸ್ತಾರೇನು” ಅಂದರು. ಒಂದೊಂದೇ ತೆಗೆದು ಮುಂದಿಟ್ಟರು. ಮೂಲೆಯಲ್ಲಿದ್ದ ಒಂದಕ್ಕೆ, ಹೋದ ವರ್ಷದ್ದೋ ಅದರ ಹಿಂದಿನದೋ, ಎಡತುದಿಯಲ್ಲಿ ದಪ್ಪನೆಯ ದುಂಡು ತಿರುಪು ಇತ್ತು. ದನಿ ಏರಿಸುವ ಇಳಿಸುವ ತಿರುಪು. ನಾನು ಮಡಚಿದ ಎಡಗೈಯನ್ನು ಅದರ ಪಕ್ಕ ಇಟ್ಟೆ. ಹೆಬ್ಬೆರಳು ಅದಕ್ಕೆ ತಾಗಿತು. ನೂಕಿದೆ, ತಿರುಗಿತು.

“ಅಕ್ಕಾ, ಒಂದು ಪದ ಎತ್ತು” ಅಂದೆ.

“ನಾನಾ?”

“ಹೆಂಗರ ಎತ್ತು. ನಾ ಹುಡುಕಬೇಕು.”

ಜೀವಮಾನದಲ್ಲಿ ಹಾಡದ ಅಕ್ಕ, ಪರ ಊರಿನಲ್ಲಿ, ಪರ ಗಂಡಸರ ಮುಂದೆ, ಸೆರಗು ಬಾಯಿಗೆ ಅಡ್ಡ ಹಿಡಿದು ಒಂದು ಸಾಲು ಹಾಡಿದಳು. ಶ್ರುತಿ ಇರಲಿಲ್ಲ, ತಾಳ ಇರಲಿಲ್ಲ, ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ನಾನು ತಿರುಪು ಇಳಿಸಿದೆ. ಒಂದು ತಪ್ಪು ಮನೆ, ನನಗಷ್ಟೇ ಕೇಳಿತು. ಇನ್ನೊಂದು ತಪ್ಪು ಮನೆ, ನನಗಷ್ಟೇ ಕೇಳಿತು. ಮೂರನೆಯದು ಸರಿ. ಹೆಬ್ಬೆರಳಿನಿಂದ ಮೆಲ್ಲಗೆ ಏರಿಸಿದೆ. ಚಾಚಾ ಕಣ್ಣು ಮುಚ್ಚಿ ತಲೆ ಆಡಿಸಿದರು. ಅಕ್ಕ ಹೆದರಿ ಹಾಡು ನಿಲ್ಲಿಸಿದಳು, ನನ್ನ ಮುಖ ನೋಡಿ ಮತ್ತೆ ಶುರು ಮಾಡಿದಳು.

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ತಿಂಗಳಿಡೀ ಬಾಯಿಪಾಠ ಮಾಡಿದ ಯಾವ ಪಟ್ಟಿಯಲ್ಲೂ ಈ ಕೀಬೋರ್ಡಿನ ಹೆಸರಿರಲಿಲ್ಲ. ಆದರೂ ಹತ್ತಿರ ಬಂದು, ಬಗ್ಗಿ, ಅದರ ತಳ ಬಡಿದು ನೋಡಿ, “ಗಟ್ಟಿ ಅದ. ಇದನ್ನಾ ಕಟ್ರಿ ಚಾಚಾ” ಅಂದರು. ಮದುವೆಯಾದಂದಿನಿಂದ ಈ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟನ್ನೆಲ್ಲ ಅವತ್ತು ಅಲ್ಲೇ ಬಿಟ್ಟು ಬಂದೆ. ಆಮೇಲೆ ಹೊಸದಾಗಿ ಬಂದದ್ದು ಬೇರೆ ಲೆಕ್ಕ.

ಮನೆಯಲ್ಲಿ ಸ್ವಲ್ಪ ದಿನ ಅಭ್ಯಾಸ ಮಾಡಿದೆ. ಹೆಬ್ಬೆರಳು ಬೇಗ ದಣಿಯುತ್ತಿತ್ತು, ನೋಯುತ್ತಿತ್ತು. ಕೈಗೆ ಕಸರತ್ತು ಕಲಿಸಲು ದವಾಖಾನೆಯಿಂದ ಬರುವ ಹುಡುಗಿ, ನೋಯಲಿ, ಒಳ್ಳೆಯದೇ ಅಂದಳು. ಒಂದು ಸೋಮವಾರ ಅಕ್ಕ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಮಠಕ್ಕೆ ಬಂದಳು. ಎರಡು ಮಣೆಗಳ ಮೇಲೆ ಇಟ್ಟೆವು. ಹೆಣ್ಣುಮಕ್ಕಳು ವಿಭೂತಿ ಹಚ್ಚಿ, ಹೂ ಇಟ್ಟು, ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಎಲ್ಲರೂ ಅದರ ಬಣ್ಣ, ಗುಂಡಿ, ದೀಪಗಳ ಬಗ್ಗೆಯೇ ಮಾತಾಡಿದರು. ಆಯಿ ಕಂಬಕ್ಕೆ ಒರಗಿ ಕೂತಿದ್ದಳು. ಆ ಮಂಜುಗಣ್ಣಿಗೆ ಏನು ಕಂಡಿತೋ ತಿಳಿಯದು.

ಎರಡು ಮೂರು ಪದಗಳು ಆದವು. ಆಯಿ ಸುಮ್ಮನಿದ್ದಳು. ಹಾಡು ಎಂದು ಯಾರೂ ಆಕೆಗೆ ಹೇಳಲಿಲ್ಲ, ಹೇಳಬೇಡಿರೆಂದು ನಾನೇ ಮೊದಲೇ ಹೇಳಿದ್ದೆ. ಮಂಗಳಾರತಿಯ ಹೊತ್ತು ಹತ್ತಿರವಾಯಿತು. ಇವತ್ತು ಇಲ್ಲ ಅಂದುಕೊಂಡು ನಾನು ಕೈ ತೆಗೆಯುವಷ್ಟರಲ್ಲಿ ಕಂಬದ ಕಡೆಯಿಂದ ದನಿ ಬಂತು. ಸಣ್ಣ ದನಿ, ಒಡೆದ ದನಿ, ಎಲ್ಲಿಂದಲೋ ಎತ್ತಿದ್ದು. ನಾನು ತಿರುಪನ್ನು ನನಗಷ್ಟೇ ಕೇಳುವಷ್ಟು ಇಳಿಸಿದೆ. ತಪ್ಪಿತು, ಮತ್ತೆ ತಪ್ಪಿತು, ಸಿಕ್ಕಿತು. ಏರಿಸಿದೆ. ಆಯಿ ನಿಲ್ಲಿಸಲಿಲ್ಲ. ಎರಡನೇ ನುಡಿಗೆ ಹೋದಳು. ಮೂರನೆಯದಕ್ಕೆ ಇಳಿದಳು, ನಾನೂ ತಿರುಪು ಇಳಿಸಿ, ಅಲ್ಲಿಗೆ ಹೋಗಿ, ತುಂಬಿಕೊಂಡು ಬಂದೆ. ಪೂರಾ ಪದ ಹಾಡಿದಳು.

ಮಂಗಳಾರತಿ ಆದ ಮೇಲೆ ಆಕೆಯ ಹತ್ತಿರ ಹೋಗಿ ಕಾಲು ಮುಟ್ಟಿದೆ. ನನ್ನ ತಲೆ, ಹೆಗಲು, ಎಡಗೈ ಎಲ್ಲ ಸವರಿದಳು. ನಾನು ಕೋಲೂರಿಕೊಂಡು ಎಷ್ಟೋ ಸೋಮವಾರ ಆಕೆಯ ಪಕ್ಕದಲ್ಲೇ ಬಂದು ಕೂತವಳು, ಪ್ರಸಾದವನ್ನೂ ಆಕೆಗೆ ಕೈಯಾರೆ ಕೊಟ್ಟವಳು.

“ಎಲ್ಲಿಗಿ ಹೋಗಿದ್ದೆವ್ವ ಇಷ್ಟು ದಿನ?” ಅಂದಳು.

“ಬಂದೀನಿ ಆಯಿ” ಅಂದೆ.