ಕಾಡವ್ವನ ಹಗುರ ಕೈ

ಬೈಲಹೊಂಗಲದ ಒಂದು ಎಕ್ಸ್‌ರೇ ಸೆಂಟರಿನಲ್ಲಿ ಕಾಡವ್ವ ಹನ್ನೊಂದು ವರ್ಷದಿಂದ ಆಯಾ. ಸ್ತನದ ಎಕ್ಸ್‌ರೇ ತೆಗೆಯುವ ಮಶಿನ್ ತಂದ ಮಾಲೀಕ ಅದಕ್ಕೆ ಇಟ್ಟಿದ್ದು ಮುತ್ತಪ್ಪನನ್ನು. ಗಂಡಸಿನೆದುರು ಯಾವ ಹೆಣ್ಣುಮಗಳು ಕುಪ್ಪಸ ಬಿಚ್ಚಿಯಾಳು? ಅಷ್ಟು ಬುದ್ಧಿ ಆ ದೊಡ್ಡ ಮನುಷ್ಯನಿಗೆ ಇರಲಿಲ್ಲ. ಕೊನೆಗೆ ಹೆಂಗಸರನ್ನು ನಿಲ್ಲಿಸಿ, ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತುವ ಕೆಲಸ, ಅದನ್ನು ಎಲ್ಲೂ ಕಲಿಯದ ಕಾಡವ್ವನ ಕೊರಳಿಗೆ ಬಿತ್ತು. ಮುತ್ತಪ್ಪ ಪರದೆಯಾಚೆ ಕುಳಿತು ಬಟನ್ ಒತ್ತುತ್ತಿದ್ದ.

ಒತ್ತಿದರೆ ನೋಯುತ್ತದೆ. “ಯವ್ವಾ, ಜೀವಾ ಹೋಗತೈತಿ” ಅಂದರೆ ಸಾಕು, ಕಾಡವ್ವ ಹಲಗೆ ಬಿಗಿಯುವ ತಿರುಪನ್ನು ಎರಡು ಸುತ್ತು ಸಡಿಲಿಸುತ್ತಿದ್ದಳು. ಹೆಸರು ಹಬ್ಬಿತು. ಮುನವಳ್ಳಿಯಿಂದ ಬಂದವರೂ “ಹಗುರ ಕೈಯಾಕಿ ಅದಾಳೇನ್ರಿ ಇವತ್ತ?” ಎಂದು ಬಾಗಿಲಲ್ಲೇ ಕೇಳುತ್ತಿದ್ದರು.

ಹೋದ ಯುಗಾದಿ ಮುಂದೆ ಹೂಲಿಯಿಂದ ತಂಗಿಯ ಮಗಳು ಮಾಲಾ ಬಂದಳು. ಕಂಕುಳ ಹತ್ತಿರ ಕಡಲೆಯಷ್ಟು ಗಂಟು. ಅವಳಿಗಂತೂ ಮೂರು ಸುತ್ತು ಸಡಿಲ. ರಿಪೋರ್ಟಿನಲ್ಲಿ ಏನೂ ಇಲ್ಲ ಎಂದು ಬಂತು. ಕಾಡವ್ವ ಸಕ್ಕರೆ ಹಂಚಿದಳು.

ದೀಪಾವಳಿ ಕಳೆದ ಮೇಲೆ ಬೆಳಗಾವಿಯಿಂದ ಶೀತಲ್ ಎಂಬಾತ ಬಂದ. ರೋಗಿಯ ಮೈಗೆ ಕಿರಣ ಎಷ್ಟು ಬೀಳುತ್ತದೆಂದು ಅಳೆಯುವುದು ಅವನ ಕೆಲಸ. ಸ್ತನದ ಬದಲು ದಪ್ಪ ಪ್ಲಾಸ್ಟಿಕ್ ಹಲಗೆ ಇಟ್ಟು ಅಳೆದ; ಸರಿಯಿತ್ತು. ಮಶಿನ್ನಿನೊಳಗಿನ ವರ್ಷದ ದಾಖಲೆ ತೆಗೆದ. ಹೆಂಗಸರಿಗೆ ಬಿದ್ದ ಕಿರಣದ ಡೋಸು ಇರಬೇಕಾದ್ದರ ಹೆಚ್ಚುಕಡಿಮೆ ಎರಡು ಪಟ್ಟು.

“ಎದಿ ದಪ್ಪ ಕಂಡ್ರ ಮಶಿನ್ ತಾನ ಕಿರಣ ಹೆಚ್ಚ ಬಿಡತೈತಿ,” ಎಂದ ಶೀತಲ್. “ಎಲ್ಲಾರ್ದೂ ಇಷ್ಟ ದಪ್ಪ ಯಾಕ ಬಂದೈತಿ? ಸರಿ ಒತ್ತಿಲ್ಲ. ಒತ್ತೋರ ಯಾರು?”

“ನಮ್ಮ ಹಗುರ ಕೈನವ್ರ ನೋಡ್ರಿ,” ಎಂದು ಮುತ್ತಪ್ಪ ನಕ್ಕ.

“ಡೋಸ್ ಹೆಚ್ಚಾದ್ರ ಛಲೋ ಅಲ್ಲೇನ್ರಿ ಸಾಹೇಬ್ರ, ಗುಳಿಗಿ ಹಂಗ?” ಎಂದಳು ಕಾಡವ್ವ.

“ಇದು ಔಷಧ ಅಲ್ಲ, ಅಕ್ಕಾರ. ಹೆಚ್ಚ ಬಿದ್ದಷ್ಟೂ ಮೈಗೆ ಕೇಡು. ಮ್ಯಾಲ ಫೋಟೋ ಮಸಕ. ಗಂಟ ಇದ್ರೂ ಕಾಣೂದಿಲ್ಲ.”

ಕಾಡವ್ವ ಮರುದಿನ ಮೊದಲ ಬಸ್ಸಿಗೆ ಹೂಲಿಗೆ ಹೋಗಿ ಮಾಲಾಳನ್ನು ಎಬ್ಬಿಸಿಕೊಂಡು ಬಂದಳು. ಕಡಲೆಯಷ್ಟಿದ್ದ ಗಂಟು ಈಗ ಅಡಿಕೆಯಷ್ಟಾಗಿತ್ತು. ಮಶಿನ್ನಿಗೆ ನಿಲ್ಲಿಸಿ ತಿರುಪನ್ನು ಪೂರ್ತಿ ಬಿಗಿದಳು.

“ದೊಡ್ಡವ್ವಾ, ಭಾಳ ನೋಯಾಕ ಹತ್ತೈತಿ. ಸಡ್ಲ ಮಾಡ.”

“ತಡಕೋ.”

“ಎಲ್ಲಾರಿಗೂ ಹಗುರ, ನನಗಷ್ಟ ಬಿರಸೇನ?”

ಕಾಡವ್ವ ತಿರುಪನ್ನು ಮುಟ್ಟಲಿಲ್ಲ. ಪರದೆಯಾಚೆ ಹೋಗಿ ನಿಂತಳು. ಚಿತ್ರ ಬಂತು. ಓದು ಬಾರದ ಅವಳಿಗೂ ತಿಳಿಯುವಷ್ಟು ಸ್ಪಷ್ಟವಾಗಿ ಅಲ್ಲೊಂದು ಬಿಳಿ ಕಲೆ, ಸುತ್ತ ಮುಳ್ಳು ಮುಳ್ಳು. ಮುತ್ತಪ್ಪ ಈ ಸಲ ನಗಲಿಲ್ಲ. ಎಂಟು ತಿಂಗಳ ಹಿಂದಿನ ಮಸುಕು ಚಿತ್ರವನ್ನು ಪಕ್ಕಕ್ಕೆ ತಂದು, ತಕ್ಷಣ ಮುಚ್ಚಿದ.

ಮಾಲಾ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹೊರಗೆ ಯಾರೋ ಬಾಗಿಲು ತಟ್ಟಿದರು.

“ಹಗುರ ಕೈಯಾಕಿ ಅದಾಳೇನ್ರಿ?”

“ಆಕಿ ಇಲ್ರಿ,” ಎಂದಳು ಕಾಡವ್ವ. “ನಾ ಅದೇನಿ. ಕುಂದರ್ರಿ. ನೋಯತೈತಿ, ಮೊದಲ ಹೇಳತೇನಿ.”